ಇಂದಿನ ಧಮ್ಮ ಚಿಂತನೆ: ಮಕ್ಕಳ ಕೈಯ ಉಂಡೆ, ದಾನದ ಮೂರು ಗಳಿಗೆ



ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳಲು ಹಣ ಕೂಡಿಸಬೇಕು, ಮಕ್ಕಳ ಸಂತೆಗೆ ಮನೆಯಿಂದ ಸಿಹಿ ಮಾಡಿ ತನ್ನಿ ಎಂದು ಶಾಲೆಯಲ್ಲಿ ಹೇಳಿದಾಗ ನಮ್ಮಲ್ಲಿ ಕೆಲವರು ಅಂಗಡಿಯ ಡಬ್ಬ ಕೊಟ್ಟು ಕಳಿಸುತ್ತಾರೆ. ಪುರುಸೊತ್ತಿಲ್ಲ ಎಂಬುದು ಒಂದು ಕಾರಣ. "ನಮ್ಮನೇದು ಅಂದ್ರೆ ಯಾರು ತಗೋತಾರೆ?" ಎಂಬ ಹಳೆಯ ಅಳುಕು ಇನ್ನೊಂದು.

ಅಂಗುತ್ತರ ನಿಕಾಯದಲ್ಲಿ ಭಗವಾನ್ ಬುದ್ಧರು ದಾನಿಯ ಮನಸ್ಸಿಗೆ ಮೂರು ಗಳಿಗೆ ಹೇಳಿದ್ದಾರೆ: ಕೊಡುವ ಮೊದಲು ಸಂತೋಷ, ಕೊಡುವಾಗ ಪ್ರಸನ್ನತೆ, ಕೊಟ್ಟ ಮೇಲೆ ತೃಪ್ತಿ.

*1. ಕೊಡುವ ಮೊದಲು*
ಶೇಂಗಾ ಉಂಡೆ ಸಾಕು. ಹುರಿಯುವುದು ದೊಡ್ಡವರ ಕೆಲಸ. ಸಿಪ್ಪೆ ತಿಕ್ಕಿ ಕೇರುವುದು, ಬೆಲ್ಲ ಕುಟ್ಟುವುದು, ಉಂಡೆ ಕಟ್ಟುವುದು ಮಕ್ಕಳದು, ಗಂಡುಮಕ್ಕಳೂ ಕೂರಲಿ. ಖರ್ಚಿನ ಲೆಕ್ಕ ಹಾಕಿ ಬೆಲೆಯನ್ನೂ ಅವರೇ ಕಟ್ಟಲಿ. ಒಡೆದ ಉಂಡೆ ಮನೆಗೆ, ದುಂಡಗಿನದು ಡಬ್ಬಿಗೆ ಎಂದು ಆರಿಸುವಾಗಲೇ ಮಗು ದಾನ ಕಲಿಯುತ್ತದೆ.

*2. ಕೊಡುವಾಗ*
ಬಾಲಕ ಭೀಮರಾವ್ ಓದಿದ ಶಾಲೆಯಲ್ಲಿ ಅವರು ನಲ್ಲಿ ಮುಟ್ಟುವಂತಿರಲಿಲ್ಲ. ಜವಾನ ಇಲ್ಲದಿದ್ದರೆ ನೀರೂ ಇಲ್ಲ. ಇಂದು ನಮ್ಮ ಮಗು ತನ್ನ ಕೈಯಾರೆ ಸಿಹಿ ಕೊಡಲು ನಿಂತಿದೆ. "ಯಾರ ಮನೇದು?" ಎಂದು ಯಾರಾದರೂ ಕೇಳಬಹುದು. ಮರೆಮಾಚಲು ಹೇಳಿಕೊಡಬೇಡಿ. "ನಮ್ಮನೇದು, ನಾನೇ ಕಟ್ಟಿದ್ದು" ಎನ್ನಲಿ. ಅವರು ಕೊಳ್ಳದೆ ಹೋದರೆ ಕೊಳೆ ಅವರ ಮನಸ್ಸಿನಲ್ಲಿದೆ, ಉಂಡೆಯಲ್ಲಿಲ್ಲ ಎಂದು ಮೊದಲೇ ತಿಳಿಸಿ. ಹೀನಾಯವಾಗಿ ಮಾತಾಡಿದರೆ ನೀವೇ ಹೋಗಿ ಮುಖ್ಯ ಶಿಕ್ಷಕರಿಗೆ ತಿಳಿಸಿ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ನಿಷೇಧಿಸಿದೆ. ಮೈತ್ರಿ ಎಂದರೆ ತಲೆ ತಗ್ಗಿಸುವುದು ಎಂದರ್ಥವಲ್ಲ.

*3. ಕೊಟ್ಟ ಮೇಲೆ*
ಪಕ್ಕದವರದು ಎಷ್ಟು ಮಾರಾಟವಾಯಿತು ಎಂದು ಹೋಲಿಸಬೇಡಿ. ಆ ಹಣದಿಂದ ಬಂದ ಪುಸ್ತಕವನ್ನು ಯಾರೆಲ್ಲ ಓದುತ್ತಾರೆ ಎಂದು ಮಗುವನ್ನು ಕೇಳಿ. ನಮ್ಮ ಉಂಡೆ ಕೊಳ್ಳದವರ ಮಗುವೂ ಅದನ್ನು ಓದುತ್ತದೆ. ಅಷ್ಟು ಹೊಳೆದರೆ ದಾನ ಪೂರ್ತಿಯಾದಂತೆ.

ಕೈಯೊಡ್ಡುವವರು ಎಂದೇ ಊರು ನಮ್ಮ ಹಿರಿಯರನ್ನು ನೋಡಿತು. ಹತ್ತು ಪಾರಮಿತೆಗಳನ್ನು ಪಾಲಿಸುತ್ತೇವೆ ಎಂಬುದು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಒಂದು. ಆ ಹತ್ತರಲ್ಲಿ ದಾನವೂ ಸೇರಿದೆ. ನಾವು ಕೊಡುವ ಜನ ಎಂಬುದು ಮಗುವಿಗೆ ತನ್ನ ಬೆಲ್ಲ ಮೆತ್ತಿದ ಅಂಗೈಯಿಂದಲೇ ತಿಳಿಯಲಿ.

*ಇಂದಿನ ಅಭ್ಯಾಸ:* ಮಕ್ಕಳೊಡನೆ ಕೂತು ಏನಾದರೂ ಒಂದು ಸಿಹಿ ಮಾಡಿ. ಮೊದಲ ಪಾಲು ಮನೆಯ ಹೊರಗಿನವರಿಗೆ ಮಗುವಿನ ಕೈಯಿಂದಲೇ ಕೊಡಿಸಿ.

ಭವತು ಸಬ್ಬ ಮಂಗಲಂ. ಜೈ ಭೀಮ್.