ಬಾವುಟದ ಜೊತೆ ಗೂಡಿನ ದರವನ್ನೂ ಕೇಳು

ಮಗಳೇ, ರಷ್ಯಾ, ಚೀನಾ, ಪೂರ್ವ ಯುರೋಪು ಹೇಗೆ ಬದಲಾದವೆಂದು ಹೋಲಿಸಿ ಪ್ರಬಂಧ ಬರೆಯಬೇಕು ಅಂದೆಯಲ್ಲ, ಅದಕ್ಕೆ ಈ ಮಾತು. ಯಾವ ದೇಶದ ಬದಲಾವಣೆಯನ್ನೂ ಒಂದೇ ತಾರೀಖಿನಲ್ಲಿ ಕಟ್ಟಿಹಾಕಬೇಡಮ್ಮ. ಆಳುವವರು ಬದಲಾದದ್ದು ಯಾವಾಗ, ಬೆಳೆದವರಿಗೆ ಬೆಲೆ ಕೇಳುವ ಬಾಯಿ ಬಂದದ್ದು ಯಾವಾಗ, ಎರಡನ್ನೂ ಬೇರೆಬೇರೆ ಕೇಳು.

ನಮ್ಮ ಗೌರಿಬಿದನೂರಿನಿಂದಲೇ ಶುರು ಮಾಡು. ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಕಾಂಗ್ರೆಸ್ ಬಾವುಟಕ್ಕಾಗಿ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಆಮೇಲೆ ಬಾವುಟಕ್ಕೆ ಒಪ್ಪಿಗೆ ಸಿಕ್ಕಿತು, ಜನರ ಕೈಗೆ ಆಡಳಿತ ಸಿಗಲಿಲ್ಲ. ದೇಶ ಸ್ವತಂತ್ರವಾದ ಮೇಲೂ ಮೈಸೂರಿನವರು ಅದಕ್ಕಾಗಿ ‘ಮೈಸೂರು ಚಲೋ’ ಚಳವಳಿ ಮಾಡಬೇಕಾಯಿತು, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದದ್ದು 1947ರ ಅಕ್ಟೋಬರಿನಲ್ಲಿ. ಗುಂಡಿಗೆ ಸತ್ತವರ ಲೆಕ್ಕದಲ್ಲಿ ನೋಡಿದರೆ ಆ ಒಂಬತ್ತು ವರ್ಷ ಬಹಳ ದೀರ್ಘ.

ಇನ್ನು ಬೆಲೆಯ ಮಾತು. ಹಿಪ್ಪುನೇರಳೆ ಬೆಳೆದು, ರೇಷ್ಮೆಹುಳ ಹಣ್ಣಾದಾಗ ರಾತ್ರಿಯೆಲ್ಲ ಎದ್ದು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹೊತ್ತವರಿಗೆ, ಹರಾಜಿನ ದರ ದೆಹಲಿಯ ಬಜೆಟ್ಟಿಗೂ ಚೀನಾದ ನೂಲಿಗೂ ಸಿಕ್ಕಿಕೊಂಡಿದೆಯೆಂದು 2011ರಲ್ಲಿ ಚೆನ್ನಾಗಿ ಅರ್ಥವಾಯಿತು. ಆ ವರ್ಷ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ 5ಕ್ಕೆ ಇಳಿಯಿತು. ರೈತರು ರಸ್ತೆಗಿಳಿದರು. 2013ರ ಬಜೆಟ್ಟಿನಲ್ಲಿ ಅದು ಶೇ. 15 ಆಯಿತು. ಹಳೆಯ ಮಟ್ಟಕ್ಕೆ ಮರಳಲಿಲ್ಲ, ನಿಜ. ಆದರೂ ಕೂಗಿದರೆ ಕೇಳಿಸಿಕೊಳ್ಳಬೇಕಾದವರು, ಮುಂದಿನ ಚುನಾವಣೆಗೆ ನಮ್ಮ ಬಾಗಿಲಿಗೆ ಬರಬೇಕಾದವರು ಇದ್ದರು. ಇದನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ.

ಇದೇ ಹುಳವನ್ನು ಸಾಕುವ ಬೇರೆ ನಾಡುಗಳನ್ನು ಈಗ ಪಕ್ಕಕ್ಕಿಟ್ಟು ನೋಡು. 1978ರ ನಂತರ ಚೀನಾ ಕಮ್ಯೂನುಗಳನ್ನು ಬಿಚ್ಚಿ ಹೊಲವನ್ನು ಒಕ್ಕಲು ಮನೆಗಳಿಗೆ ಕೊಟ್ಟಿತು. ಹಳ್ಳಿಯ ಆದಾಯ ಏರಿತು, ಆಳುವ ಪಕ್ಷ ಮಾತ್ರ ಅದೇ. ಉಜ್ಬೇಕಿಸ್ತಾನ 1991ರಲ್ಲಿ ಸೋವಿಯತ್ತಿನಿಂದ ಬಿಡಿಸಿಕೊಂಡಿತು, ಹೊಸ ಬಾವುಟ ಏರಿಸಿತು. ಆದರೆ ಹಿಂದೆ ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥರಾಗಿದ್ದ ಇಸ್ಲಾಂ ಕರಿಮೋವ್ 2016ರಲ್ಲಿ ಸಾಯುವವರೆಗೂ ಅಧ್ಯಕ್ಷರಾಗಿಯೇ ಇದ್ದರು. ರೈತರು ಸರ್ಕಾರ ಹೇಳಿದಷ್ಟು ಹುಳ ಸಾಕಿ, ಸರ್ಕಾರ ಗೊತ್ತು ಮಾಡಿದ ದರಕ್ಕೆ ಗೂಡು ಒಪ್ಪಿಸಬೇಕಿತ್ತು. ಜಪಾನಿನ ಕಥೆ ಬೇರೆ: ರೇಷ್ಮೆಯ ದುಡ್ಡಿನಿಂದಲೇ ಕೈಗಾರಿಕೆ ಕಟ್ಟಿ, ಕೊನೆಗೆ ರೇಷ್ಮೆಯನ್ನೇ ಹಿಂದೆ ಬಿಟ್ಟಿತು. ಅಲ್ಲಿಯ ಹಳ್ಳಿಯ ಮಕ್ಕಳಿಗೆ ಕಾರ್ಖಾನೆಯಲ್ಲಿ ಕೆಲಸ ಕಾದಿತ್ತು. ಚಿಂತಾಮಣಿಯಲ್ಲಿ ಬೋರ್‌ವೆಲ್ ಬತ್ತಿ ಹುಳುಮನೆ ಮುಚ್ಚಿದವರಿಗೆ ಯಾವ ಕೆಲಸ ಕಾದಿದೆ ಎಂದು ಬರೆಯುವಾಗ ಇದನ್ನು ಮರೆಯಬೇಡ.

‘ಏಷ್ಯಾ ಹೀಗೆ, ಯುರೋಪ್ ಹಾಗೆ’ ಎಂದು ಖಂಡಗಳನ್ನು ತೂಗುವ ಪುಸ್ತಕ ಓದು, ಬೇಡವೆನ್ನುವುದಿಲ್ಲ. ಆದರೆ ಒಂದೇ ದೇಶದೊಳಗೆ ಒಂದೇ ಸುಂಕ ಎರಡು ನ್ಯಾಯವಾಗುತ್ತದೆ. ಸುಂಕ ಇಳಿದಾಗ ನಮ್ಮ ಗೂಡು ಬೆಳೆಗಾರರು ಅತ್ತರು. ಅಗ್ಗದ ನೂಲು ಬೇಕೆಂದಿದ್ದ ನೇಕಾರರಿಗೂ ಹೊಟ್ಟೆಯಿತ್ತು. ಇಬ್ಬರ ಮಾತೂ ನಿನ್ನ ಪ್ರಬಂಧದಲ್ಲಿ ಬರಲಿ. ರಜೆಗೆ ಬಂದಾಗ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೈತರನ್ನೂ ಗೂಡು ಕೊಂಡು ನೂಲು ತೆಗೆಸುವ ರೀಲರುಗಳನ್ನೂ ಮಾತಾಡಿಸು. ಅಲ್ಲಿಂದ ಫಿಲೇಚರಿಗೆ ಹೋಗಿ, ಬಿಸಿನೀರಿನಲ್ಲಿ ಕೈಯಿಟ್ಟು ಎಳೆ ತೆಗೆಯುವ ಹೆಂಗಸರನ್ನು ಕೇಳು: ನೂಲಿನ ದರ ಏರಿದ ವರ್ಷ ನಿಮ್ಮ ಕೂಲಿ ಏರಿತೇ? ದರ ಬಿದ್ದ ವರ್ಷ ಎಷ್ಟು ದಿನ ಕೆಲಸವಿತ್ತು? ಅವರು ಹೇಳಿದ್ದನ್ನು ಅಡಿಟಿಪ್ಪಣಿಗೆ ತಳ್ಳದೆ ಮೊದಲ ಅಧ್ಯಾಯದಲ್ಲಿ ಬರಿ.