ಅಣ್ಣನಿಗೆ ಎರಡು ಟೆಂಪೊ, ಶಿಬಿರಕ್ಕೆ ಹನ್ನೊಂದು ಜನ

ಪ್ರಶ್ನೆ: ಹೋದ ವರ್ಷ ನಮ್ಮಣ್ಣನಿಗೆ ಬೈಕ್ ಅಪಘಾತವಾಯಿತು. ಆಸ್ಪತ್ರೆಯಲ್ಲಿ ನಾಲ್ಕು ಬಾಟ್ಲಿ ರಕ್ತ ಹೊಂದಿಸಿ ಅಂದರು. ಊರಿನಿಂದ ಎರಡು ಟೆಂಪೊ ತುಂಬ ಹುಡುಗರು ಬಂದರು, ಸಾಕು ಅಂದರೂ ಸಾಲು ಬಿಟ್ಟು ಹೋಗಲಿಲ್ಲ. ಅಣ್ಣ ಉಳಿದ. ಆ ಋಣ ತೀರಿಸಬೇಕು ಅಂತ ಈ ವರ್ಷ ಊರ ಶಾಲೆಯಲ್ಲಿ ರಕ್ತದಾನ ಶಿಬಿರ ಇಟ್ಟೆವು. ಬ್ಯಾನರ್ ಕಟ್ಟಿದೆವು, ಆಟೊದಲ್ಲಿ ಮೈಕ್ ಹಾಕಿ ಸಾರಿದೆವು. ಬಂದವರು ಹನ್ನೊಂದೇ ಜನ. ಅದೇ ಊರು, ಅದೇ ಹುಡುಗರು. ಜನ ಯಾಕೆ ಹೀಗೆ? ಇನ್ನೊಂದು ಮಾತು: 68 ವರ್ಷದ ನಮ್ಮವ್ವ ತಾನೂ ರಕ್ತ ಕೊಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಕೊಡಬಹುದಾ?
(ಹಾವೇರಿ ಜಿಲ್ಲೆಯ ಓದುಗರೊಬ್ಬರು)

ಉತ್ತರ: ನಿಮ್ಮ ಪತ್ರದಲ್ಲಿ ನೋವಿದೆ, ಅದರ ಹಿಂದೆ ಸಿಟ್ಟೂ ಇದೆ. ಸಿಟ್ಟನ್ನು ಬಿಟ್ಟುಬಿಡಿ. ಟೆಂಪೊ ಹತ್ತಿದ ಹುಡುಗರ ಮನಸ್ಸು ಒಂದು ವರ್ಷದಲ್ಲಿ ಕಲ್ಲಾಗಿಲ್ಲ. ಅವತ್ತು ಅವರ ಕಣ್ಣ ಮುಂದೆ ನಿಮ್ಮಣ್ಣನ ಮುಖವಿತ್ತು. ಮೊನ್ನೆ ಮೈಕಿನಲ್ಲಿ ಕೇಳಿದ್ದು 'ಮಹಾದಾನ' ಎಂಬ ಒಂದು ಪದ. ಮನುಷ್ಯ ಮುಖಕ್ಕೆ ಓಗೊಡುತ್ತಾನೆ, ಪದಕ್ಕೆ ಅಷ್ಟು ಬೇಗ ಓಗೊಡುವುದಿಲ್ಲ. ನಾನು ಕಂಡಂತೆ ರಕ್ತ ಕೊಡುವುದು, ಕೊಡದಿರುವುದು ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಈಗ ನಿಮಗೆ, ನಿಮ್ಮೂರಿನವರಿಗೆ ಯಾರೂ ಹೇಳಿರಲಾರದ ಒಂದು ವಿಷಯ ಹೇಳಬೇಕು. ನಿಮ್ಮಣ್ಣನ ಮೈ ಸೇರಿದ ಆ ನಾಲ್ಕು ಬಾಟ್ಲಿ ಬಹುಶಃ ಟೆಂಪೊದಲ್ಲಿ ಬಂದ ಹುಡುಗರದ್ದಲ್ಲ. ತೋಳಿನಿಂದ ತೆಗೆದ ರಕ್ತವನ್ನು ನೇರವಾಗಿ ರೋಗಿಗೆ ಏರಿಸುವಂತಿಲ್ಲ. ಗುಂಪು ನೋಡಬೇಕು, ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ ಐದರ ಪರೀಕ್ಷೆ ಮುಗಿಯಬೇಕು. ಅದಕ್ಕೆಲ್ಲ ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟು ಹೊತ್ತು ಕಾಯುವ ಸ್ಥಿತಿಯಲ್ಲಿ ಅಪಘಾತದ ರೋಗಿ ಇರುವುದಿಲ್ಲ. ಆದ್ದರಿಂದ ರಕ್ತನಿಧಿಯ ಫ್ರಿಜ್‌ನಲ್ಲಿ ಆಗಲೇ ತಯಾರಿದ್ದ ಚೀಲವನ್ನು ಕೊಡುತ್ತಾರೆ, ಖಾಲಿಯಾದ ಜಾಗಕ್ಕೆ ನೆಂಟರಿಷ್ಟರಿಂದ ಬದಲಿ ರಕ್ತ ತೆಗೆದುಕೊಳ್ಳುತ್ತಾರೆ. ನಿಮ್ಮಣ್ಣನನ್ನು ಉಳಿಸಿದ್ದು ಅವನ ಹೆಸರೂ ಗೊತ್ತಿಲ್ಲದ ಯಾರೋ, ಯಾವುದೋ ಶಿಬಿರದಲ್ಲೋ ಆಸ್ಪತ್ರೆಯಲ್ಲೋ ಕೆಲವು ದಿನ ಮೊದಲೇ ಕೊಟ್ಟುಹೋಗಿದ್ದ ರಕ್ತ. ನಿಮ್ಮೂರಿನ ಹುಡುಗರ ರಕ್ತ ಇನ್ಯಾರದೋ ಅಣ್ಣನಿಗೆ, ಇನ್ಯಾವುದೋ ಬಾಣಂತಿಗೆ ಹೋಗಿರುತ್ತದೆ. ಅಂದರೆ ಅವರು ಅವತ್ತೇ ಅಪರಿಚಿತರಿಗೆ ರಕ್ತ ಕೊಟ್ಟಿದ್ದಾರೆ, ಅದು ಅವರಿಗೆ ತಿಳಿದಿಲ್ಲ ಅಷ್ಟೆ.

ರಕ್ತ ಅಂದರೆ ಮನೆಯವರು ಹೊಂದಿಸಿಕೊಳ್ಳಬೇಕಾದ್ದು ಎಂಬ ನಂಬಿಕೆ ನಮ್ಮಲ್ಲಿ ಬೇರು ಬಿಟ್ಟಿದೆ. ಇದಕ್ಕೊಂದು ಹಿನ್ನೆಲೆಯಿದೆ. ಮೊದಲು ದುಡ್ಡಿಗೆ ರಕ್ತ ಮಾರುವವರು ಆಸ್ಪತ್ರೆಗಳ ಸುತ್ತ ಇರುತ್ತಿದ್ದರು. ಬಡತನ, ಕುಡಿತ, ಕಾಯಿಲೆ ಯಾವುದನ್ನೂ ಹೇಳಿಕೊಳ್ಳದೆ ತೋಳು ಚಾಚುತ್ತಿದ್ದರು. 'ಕಾಮನ್ ಕಾಸ್' ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ತೀರ್ಪಿನಿಂದಾಗಿ 1998ರ ಜನವರಿ 1ರಿಂದ ಅದು ನಿಂತಿತು. ಮಾರುವವರು ಹೋದರು, ಆದರೆ ಆ ಜಾಗವನ್ನು ಸ್ವಯಂಪ್ರೇರಿತ ದಾನಿಗಳು ಪೂರ್ತಿ ತುಂಬಲಿಲ್ಲ. ಆ ಭಾರ ಮಂಚದ ಪಕ್ಕ ಕಂಗೆಟ್ಟು ನಿಂತ ನೆಂಟರ ಮೇಲೆ ಬಿತ್ತು. ಇಂಥ ಹೊತ್ತಿನಲ್ಲಿ ಬಾವನಿಗೋ ಅಳಿಯನಿಗೋ 'ನನಗೆ ಕಾಮಾಲೆ ಬಂದಿತ್ತು' ಎಂದು ಹೇಳುವುದು ಕಷ್ಟ; ಮುಚ್ಚಿಟ್ಟು ಕೊಟ್ಟುಬಿಡುತ್ತಾನೆ. ಯಾರ ಒತ್ತಾಯವೂ ಇಲ್ಲದೆ ಮತ್ತೆ ಮತ್ತೆ ಬಂದು ಕೊಡುವವರ ರಕ್ತವನ್ನು ರಕ್ತನಿಧಿಗಳು ಹೆಚ್ಚು ನೆಚ್ಚಿಕೊಳ್ಳುವುದು ಈ ಕಾರಣಕ್ಕೇ.

ಹಾಗಾದರೆ ದುಡ್ಡೋ ಉಡುಗೊರೆಯೋ ಕೊಟ್ಟರೆ ಜನ ಬರುತ್ತಾರಲ್ಲ ಎಂದು ನಿಮ್ಮ ಗೆಳೆಯರಲ್ಲಿ ಯಾರಾದರೂ ಅಂದಿರಬಹುದು. ಈ ಚರ್ಚೆ ಹಳೆಯದು. ದುಡ್ಡು ತಂದರೆ ದಾನದ ಮನಸ್ಸೇ ಸಾಯುತ್ತದೆ ಎಂದು ಬ್ರಿಟನ್ನಿನ ರಿಚರ್ಡ್ ಟಿಟ್ಮಸ್ 1970ರಲ್ಲೇ ಒಂದು ಪುಸ್ತಕ ಬರೆದು ವಾದಿಸಿದ್ದರು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಅದನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ರಕ್ತದಾನಿಯಾಗಲು ಬೇಕಾದ ಆರೋಗ್ಯ ತಪಾಸಣೆಗೆ ಬರುತ್ತೀರಾ ಎಂದು ವಿದ್ಯಾರ್ಥಿಗಳನ್ನು ಕೇಳಿದರು. ಸುಮ್ಮನೆ ಕೇಳಿದಾಗ ಹೆಣ್ಣುಮಕ್ಕಳಲ್ಲಿ ನೂರಕ್ಕೆ 52 ಮಂದಿ ಒಪ್ಪಿದರು. 50 ಕ್ರೋನಾ ಕೊಡುತ್ತೇವೆ ಎಂದಾಗ ಒಪ್ಪಿದವರು 30ಕ್ಕೆ ಇಳಿದರು. ಬೇಕಿದ್ದರೆ ಆ ದುಡ್ಡನ್ನು ಒಂದು ಒಳ್ಳೆಯ ಕೆಲಸಕ್ಕೆ ದಾನ ಮಾಡಬಹುದು ಎಂದಾಗ ಮತ್ತೆ 53ಕ್ಕೆ ಏರಿದರು. ಗಂಡಸರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆ ಹೆಣ್ಣುಮಕ್ಕಳು ಕಳೆದುಕೊಳ್ಳಲು ಒಪ್ಪದಿದ್ದುದು 'ನಾನಾಗಿ ಕೊಟ್ಟೆ' ಎಂಬ ಹೆಮ್ಮೆಯನ್ನು ಎಂದೇ ನನಗೆ ತೋರುತ್ತದೆ. ಆದ್ದರಿಂದ ಹೆಲ್ಮೆಟ್, ಬ್ಯಾಗ್ ಹಂಚುವ ಯೋಚನೆಯಿದ್ದರೆ ಕೈಬಿಡಿ. ಹಣ್ಣು, ಬಿಸ್ಕತ್ತು, ಜ್ಯೂಸ್ ಸಾಕು.

ಬಾರದವರೆಲ್ಲ ಮೈಗಳ್ಳರಲ್ಲ ಎಂದು ನಾನು ಹೇಳುವುದಕ್ಕೆ ಸ್ವಂತ ಕಾರಣವೂ ಇದೆ. ಕಾಲೇಜಿನಲ್ಲಿ ಮೊದಲ ಸಲ ರಕ್ತ ಕೊಟ್ಟ ದಿನ ಬೆಳಿಗ್ಗೆ ನಾನು ಏನೂ ತಿಂದಿರಲಿಲ್ಲ. ತಿಂದಿದ್ದೀಯಾ ಎಂದು ಅಲ್ಲಿ ಯಾರೂ ಕೇಳಲೂ ಇಲ್ಲ. ಎದ್ದು ನಾಲ್ಕು ಹೆಜ್ಜೆ ಇಡುವುದರೊಳಗೆ ಕಣ್ಣು ಕತ್ತಲೆ ಬಂದು ಬಿದ್ದೆ. ಪೆಟ್ಟೇನೂ ಆಗಲಿಲ್ಲ. ಆದರೆ ಆಮೇಲೆ ಒಂಬತ್ತು ವರ್ಷ ನಾನು ಆ ಕಡೆ ತಲೆ ಹಾಕಲಿಲ್ಲ. ಕೇಳಿದವರಿಗೆಲ್ಲ ಕೆಲಸದ ನೆಪ ಹೇಳಿದೆ. ಭಯ ಎಂದು ಹೇಳಲು ನಾಚಿಕೆ. ಮೊದಲ ಸಲ ಕೊಡುವವರು, ಚಿಕ್ಕ ವಯಸ್ಸಿನವರು, ತೂಕ ಕಡಿಮೆ ಇರುವವರಿಗೆ ತಲೆಸುತ್ತು ಬರುವುದು ಹೆಚ್ಚು. ಹಾಗೆ ಬಂದವರು ಮತ್ತೆ ಬರುವುದು ಕಡಿಮೆ. ಕೊಡುವ ಸ್ವಲ್ಪ ಮುಂಚೆ ಅರ್ಧ ಲೀಟರ್ ನೀರು ಕುಡಿಸಿದರೆ, ಮಲಗಿದಲ್ಲೇ ತೊಡೆ, ಹೊಟ್ಟೆಯ ಸ್ನಾಯುಗಳನ್ನು ಬಿಗಿದು ಸಡಿಲ ಬಿಡಲು ಹೇಳಿಕೊಟ್ಟರೆ ಇದು ಎಷ್ಟೋ ತಗ್ಗುತ್ತದೆ. ಸೂಜಿಯ ಭಯ ಇರುವವರಿಗೆ ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಕಥೆ ಹೇಳಿ. ಹದಿನಾಲ್ಕನೆಯ ವಯಸ್ಸಿನಲ್ಲಿ ಎದೆಯ ಶಸ್ತ್ರಚಿಕಿತ್ಸೆಯಾದಾಗ ಅವರು ಬದುಕಿದ್ದು ಅಪರಿಚಿತರ ರಕ್ತದಿಂದ. ಹದಿನೆಂಟು ತುಂಬಿದ ಕೂಡಲೇ, 1954ರಲ್ಲಿ, ಕೊಡಲು ಶುರು ಮಾಡಿ 2018ರವರೆಗೆ 1173 ಸಲ ಕೊಟ್ಟರು. ಅವರ ಪ್ಲಾಸ್ಮಾದಿಂದ ಗರ್ಭಿಣಿಯರಿಗೆ ಕೊಡುವ ಆಂಟಿ-ಡಿ ಚುಚ್ಚುಮದ್ದು ತಯಾರಾಯಿತು. ಇಷ್ಟೆಲ್ಲ ಮಾಡಿದವರು ಸೂಜಿ ಚುಚ್ಚುವುದನ್ನು ಮಾತ್ರ ನೋಡಲಾರದೆ ಪ್ರತಿ ಸಲ ಮುಖ ಆ ಕಡೆ ತಿರುಗಿಸುತ್ತಿದ್ದರು.

ನಿಮ್ಮ ಕಡೆ 'ರಕ್ತಾ ಕೊಟ್ರ ನಾಳೆ ಹೊಲದಾಗ ಯಾರ್ ದುಡೀತಾರ' ಎನ್ನುವ ಮಾತು ಬಂದೇ ಬಂದಿರುತ್ತದೆ. ಮಗನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ ಹೇಳುವ ಮಾತು ಅದು, ಅದನ್ನು ಅಜ್ಞಾನ ಎಂದು ತಳ್ಳಿಹಾಕಬೇಡಿ. ಲೆಕ್ಕ ತಿಳಿಸಿ. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಇರುತ್ತದೆ, ತೆಗೆಯುವುದು 350 ಮಿಲಿಲೀಟರ್; ತೂಕ 55 ಕೆಜಿ ದಾಟಿದವರಿಂದ 450ರವರೆಗೆ. ಅದರಲ್ಲಿನ ನೀರಿನ ಅಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕೆಂಪು ಕಣಗಳಿಗೆ ಕೆಲವು ವಾರ ಬೇಕು. ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಬಿಟ್ಟು ಕೊಡಬೇಕು ಎಂಬ ನಿಯಮ ಇದಕ್ಕೇ ಇರುವುದು. ಕೊಟ್ಟ ದಿನ ಮಾತ್ರ ಭಾರದ ಕೆಲಸ ಬೇಡ.

ಹೆಣ್ಣುಮಕ್ಕಳ ವಿಷಯದಲ್ಲಿ ನನ್ನ ಮನಸ್ಸು ಭಾರವಾಗುತ್ತದೆ. ಕೊಡಬೇಕಾದರೆ ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಆಸೆಪಟ್ಟು ಬಂದವಳನ್ನು 'ನಿಮಗೇ ರಕ್ತ ಇಲ್ಲ, ಹೋಗಿ' ಎಂದು ಹತ್ತು ಜನರೆದುರು ಕಳಿಸಿದರೆ ಅವಳು ಮತ್ತೆ ಬರುವುದಿಲ್ಲ, ಅವಳ ರಕ್ತಹೀನತೆಯೂ ಹೋಗುವುದಿಲ್ಲ. ಮುಂದಿನ ಸಲ ಆಶಾ ಕಾರ್ಯಕರ್ತೆಯೊಬ್ಬರನ್ನು ಅಲ್ಲೇ ಕೂರಿಸಿ. ವಾಪಸಾದ ಒಬ್ಬೊಬ್ಬರನ್ನೂ ಅವರು ಪಕ್ಕಕ್ಕೆ ಕರೆದು ಮಾತಾಡಲಿ, ಕಬ್ಬಿಣಾಂಶದ ಮಾತ್ರೆ ಎಲ್ಲಿ ಸಿಗುತ್ತದೆ ಎಂದು ತಿಳಿಸಲಿ.

'ನಾವು ಪುಕ್ಕಟೆ ಕೊಟ್ಟದ್ದನ್ನು ಅವರು ಮಾರಿಕೊಳ್ಳುತ್ತಾರೆ' ಎಂಬ ಗುಮಾನಿಗೂ ಉತ್ತರ ಸಿದ್ಧವಿರಲಿ. ರಕ್ತ ಮಾರುವಂತಿಲ್ಲ. ತೆಗೆದುಕೊಳ್ಳುವುದು ಚೀಲ, ಪರೀಕ್ಷೆ, ಕಣಗಳ ಬೇರ್ಪಡಿಕೆ, ಶೈತ್ಯದ ವೆಚ್ಚಕ್ಕಾಗಿ ಸಂಸ್ಕರಣಾ ಶುಲ್ಕ. ಅದಕ್ಕೂ ಸರ್ಕಾರದ ಮಿತಿಯಿದೆ. ರಕ್ತನಿಧಿಯವರೇ ದರಪಟ್ಟಿ ತಂದು ಗೋಡೆಗೆ ಅಂಟಿಸಲಿ ಎಂದು ನೀವೇ ಕೇಳಿ. ಮುಚ್ಚುಮರೆ ಇದ್ದಲ್ಲಿ ಗುಮಾನಿ ಹುಟ್ಟಿದರೆ ಜನರ ತಪ್ಪಲ್ಲ.

ಇನ್ನು ಮುಖದ ಮಾತಿಗೆ ಮರಳುತ್ತೇನೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಿದರು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ರಾಜ್ಯದ ಜನ ಹೇಗೆ ಮುಂದೆ ಬಂದರೆಂದು ನಾವೆಲ್ಲ ನೋಡಿದೆವು. ಎಷ್ಟೋ ವರ್ಷದ ಪ್ರಚಾರದಿಂದ ಆಗದ್ದನ್ನು ಅಪ್ಪು ಮುಖ ಮಾಡಿತು. ನಿಮ್ಮೂರಿಗೆ ಸಿನಿಮಾ ನಟ ಬೇಕಿಲ್ಲ, ನಿಮ್ಮಣ್ಣ ಇದ್ದಾನೆ. ಬ್ಯಾನರ್ ಮೇಲೆ ಮುಖಂಡರ ಫೋಟೊ ಬೇಡ. ಶಿಬಿರಕ್ಕೆ ಹದಿನೈದು ದಿನ ಮುಂಚೆ ಅಣ್ಣನೇ ಟೆಂಪೊ ಹತ್ತಿದ್ದ ಹುಡುಗರ ಮನೆಗೆ ಒಂದೊಂದಾಗಿ ಹೋಗಲಿ. 'ನನ್ನ ಮೈಯಾಗಿನ ರಕ್ತ ಯಾರ್ದಂತ ನನಗ ಗೊತ್ತಿಲ್ಲ, ನೀ ಕೊಟ್ಟಿದ್ದು ಯಾರಿಗಂತ ನಿನಗ ಗೊತ್ತಿಲ್ಲ' ಎಂದು ಮೇಲೆ ಹೇಳಿದ ವಿಷಯವನ್ನು ಅವನ ಬಾಯಲ್ಲೇ ಹೇಳಲಿ. ಮೈಕಿನಲ್ಲಿ ಕೂಗಿದರೆ ಅದು ಎಲ್ಲರಿಗೂ ಹೇಳಿದ ಮಾತು, ಆದ್ದರಿಂದ ಯಾರಿಗೂ ಹೇಳಿದ್ದಲ್ಲ. ಹೆಸರು ಹಿಡಿದು ಕೇಳಿದರೆ ಉತ್ತರ ಕೊಡಲೇಬೇಕು. ನಾನು ಒಂಬತ್ತು ವರ್ಷದ ಮೇಲೆ ಮತ್ತೆ ಹೋದದ್ದೂ ಸಹೋದ್ಯೋಗಿಯೊಬ್ಬರು 'ಬಾ, ನಾನೂ ಪಕ್ಕದ ಮಂಚದಲ್ಲೇ ಇರ್ತೀನಿ' ಎಂದು ಕರೆದದ್ದಕ್ಕೆ.

ದಿನವನ್ನೂ ನೋಡಿ ಆರಿಸಿ. ಬಿತ್ತನೆ, ಒಕ್ಕಣೆಯ ದಿನಗಳಲ್ಲಿ ಯಾರೂ ಬರಲಾರರು. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ ಇರುವುದರಿಂದ ರಕ್ತನಿಧಿಗಳಲ್ಲಿ ಕೊರತೆ ಹೆಚ್ಚು; ಆಗ ನಿಮ್ಮೂರಿನ ಹುಡುಗರು ಮನೆಯಲ್ಲೇ ಇರುತ್ತಾರೆ. ಕೆಂಪು ಕಣಗಳು ಫ್ರಿಜ್‌ನಲ್ಲಿ 35ರಿಂದ 42 ದಿನ ಉಳಿಯುತ್ತವೆ, ಪ್ಲೇಟ್‌ಲೆಟ್ ಐದೇ ದಿನ. ಹಾಗಾಗಿ ಒಂದೇ ದಿನ ನೂರು ಜನ ಬರುವುದಕ್ಕಿಂತ ವರ್ಷಕ್ಕೆ ಮೂರು ಸಲ ಮೂವತ್ತು ಮೂವತ್ತು ಜನ ಬಂದರೆ ಆಸ್ಪತ್ರೆಗೆ ಹೆಚ್ಚು ಉಪಯೋಗ. ಹನ್ನೊಂದು ಜನರನ್ನು ಕಡಿಮೆ ಎಂದುಕೊಳ್ಳಬೇಡಿ. ಅಪಘಾತವಿಲ್ಲದೆ, ಅಳುವಿಲ್ಲದೆ, ಯಾರ ಮುಖವೂ ಕಾಣದೆ ಬಂದ ಹನ್ನೊಂದು ಜನ ಅವರು. ನಿಮ್ಮಣ್ಣನಿಗಾಗಿ ಮೊದಲೇ ಕೊಟ್ಟಿಟ್ಟು ಹೋದವರೂ ಇಂಥವರೇ ಇರಬೇಕು. ಆ ಹನ್ನೊಂದು ಮಂದಿಗೆ ಇವತ್ತೇ ಫೋನ್ ಮಾಡಿ, ಹೇಗಿದ್ದೀರಿ ಎಂದು ವಿಚಾರಿಸಿ. ಸ್ವೀಡನ್ನಿನಲ್ಲಿ ದಾನಿಯ ರಕ್ತ ರೋಗಿಗೆ ಬಳಕೆಯಾದಾಗ ಅವರ ಮೊಬೈಲಿಗೆ ಸಂದೇಶ ಹೋಗುತ್ತದೆ. ನಮ್ಮಲ್ಲಿ ಸದ್ಯಕ್ಕೆ ನಿಮ್ಮ ಫೋನೇ ಆ ಸಂದೇಶ.

ಅವ್ವನ ಪ್ರಶ್ನೆ ಉಳಿಯಿತು. ಮೊದಲ ಸಲ ಕೊಡುವವರಿಗೆ 60 ವರ್ಷ, ಮೊದಲಿನಿಂದ ಕೊಡುತ್ತ ಬಂದವರಿಗೆ 65 ವರ್ಷ ಮಿತಿ. 68ರ ಅವರು ಕೊಡುವಂತಿಲ್ಲ. ರಕ್ತ ಕೊಟ್ಟವರು ಎದ್ದು ಬಂದು ಹತ್ತು ಹದಿನೈದು ನಿಮಿಷ ಕೂರುವ ಜಾಗದಲ್ಲಿ ಅವರಿಗೊಂದು ಕುರ್ಚಿ ಹಾಕಿ. ಬಂದವರಿಗೆಲ್ಲ ಅವರೇ ಜ್ಯೂಸ್ ಕೊಡಲಿ, 'ಹೊಟ್ಟಿಗೇನ್ ತಿಂದು ಬಂದೀಯಪಾ' ಎಂದು ಕೇಳಲಿ.