ರಜಾ-ದುಡಿಮೆ ವೀಸಾ: ಹೊರಡುವ ಮೊದಲು ಮನೆಮಂದಿ ಕೂತು ಓದಬೇಕಾದ ಪಾಠ



ನಮ್ಮ ಕರಾವಳಿಯವರಿಗೆ ಹೊರದೇಶದ ದುಡಿಮೆ ಹೊಸತಲ್ಲ. ಗಲ್ಫಿಗೆ ಹೋಗಿ ಬಂದವರು ಪ್ರತಿಯೊಂದು ಊರಿನಲ್ಲೂ ಇದ್ದಾರೆ. ಅಲ್ಲಿಗೆ ಹೋಗುವವರಿಗೆ ಮೊದಲು ಕೆಲಸ ಸಿಗುತ್ತದೆ, ಆಮೇಲೆ ವೀಸಾ ಬರುತ್ತದೆ. ಈಗ ಕೇಳಿಬರುತ್ತಿರುವ 'ವರ್ಕಿಂಗ್ ಹಾಲಿಡೇ' ವೀಸಾದಲ್ಲಿ ಇದು ತಿರುವುಮುರುವು. ವೀಸಾ ಕೈಯಲ್ಲಿರುತ್ತದೆ, ಕೆಲಸ, ಧಣಿ, ಮಲಗುವ ಜಾಗ ಯಾವುದೂ ಗೊತ್ತಿರುವುದಿಲ್ಲ. ಎಲ್ಲವನ್ನೂ ಅಲ್ಲಿಗೆ ಹೋಗಿ ಹುಡುಕಿಕೊಳ್ಳಬೇಕು. ಈ ವ್ಯತ್ಯಾಸ ತಿಳಿಯದೆ ಚಿನ್ನ ಅಡವಿಟ್ಟು ಮಕ್ಕಳನ್ನು ಕಳಿಸಬಾರದು ಎಂಬುದೇ ಈ ಪಾಠದ ಉದ್ದೇಶ.

ಏನಿದು ವೀಸಾ?

ಯುವಜನರು ಒಂದು ದೇಶವನ್ನು ಸುತ್ತಿ ನೋಡಲಿ, ಖರ್ಚಿಗೆ ಬೇಕಾದಷ್ಟನ್ನು ಅಲ್ಲೇ ದುಡಿದುಕೊಳ್ಳಲಿ ಎಂಬ ಯೋಜನೆ ಇದು. ಆಸ್ಟ್ರೇಲಿಯಾ ಇದನ್ನು 1975ರಲ್ಲಿ ಶುರುಮಾಡಿತು. ಭಾರತ ಮತ್ತು ಆಸ್ಟ್ರೇಲಿಯಾ ನಡುವಿನ ವ್ಯಾಪಾರ ಒಪ್ಪಂದ 2022ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಅದರಂತೆ 2024ರಲ್ಲಿ ಭಾರತೀಯರಿಗೂ ಬಾಗಿಲು ತೆರೆಯಿತು. ಇದರ ಹೆಸರು 'ವರ್ಕ್ ಅಂಡ್ ಹಾಲಿಡೇ', ಸಂಖ್ಯೆ 462. ವರ್ಷಕ್ಕೆ 1,000 ಜನರಿಗೆ ಮಾತ್ರ ಅವಕಾಶ. ವಯಸ್ಸು 18ರಿಂದ 30. ಪಿ.ಯು.ಸಿ. ಆದಮೇಲೆ ಕನಿಷ್ಠ ಎರಡು ವರ್ಷ ಓದಿರಬೇಕು, ಇಂಗ್ಲಿಷ್ ವ್ಯವಹಾರಕ್ಕೆ ಸಾಕಾಗುವಷ್ಟು ಬರಬೇಕು. ಮಕ್ಕಳನ್ನು ಜೊತೆಗೆ ಕರೆದೊಯ್ಯುವಂತಿಲ್ಲ. ಅವಧಿ ಒಂದು ವರ್ಷ. ಸಾಮಾನ್ಯವಾಗಿ ಒಬ್ಬ ಧಣಿಯ ಹತ್ತಿರ 6 ತಿಂಗಳಿಗಿಂತ ಹೆಚ್ಚು ದುಡಿಯುವಂತಿಲ್ಲ.

ಬ್ರಿಟನ್ನಿನಲ್ಲೂ ಇದೇ ಜಾತಿಯ ಒಂದು ಯೋಜನೆ 2023ರಿಂದ ಭಾರತೀಯರಿಗಿದೆ. ಅದಕ್ಕೆ ಪದವಿ ಆಗಿರಬೇಕು, ಅವಧಿ ಎರಡು ವರ್ಷ. ಈ ಪಾಠದಲ್ಲಿ ಆಸ್ಟ್ರೇಲಿಯಾದ ವಿಷಯವನ್ನೇ ನೋಡೋಣ.

ಚೀಟಿ ಎತ್ತುವಲ್ಲಿ ಶಿಫಾರಸು ನಡೆಯದು

1,000 ಸ್ಥಾನಕ್ಕೆ 2024ರಲ್ಲಿ ಮೊದಲ ಎರಡು ವಾರದಲ್ಲೇ ಸುಮಾರು 40,000 ಜನ ಹೆಸರು ಕೊಟ್ಟರು. ಆದ್ದರಿಂದ ಆಯ್ಕೆ ಚೀಟಿ ಎತ್ತಿದ ಹಾಗೆ, ಕಂಪ್ಯೂಟರ್ ಮೂಲಕ ನಡೆಯುತ್ತದೆ. ಆಸ್ಟ್ರೇಲಿಯಾ ಸರಕಾರದ ವೆಬ್‌ಸೈಟಿನಲ್ಲಿ ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್ ವಿವರ ಕೊಟ್ಟು ನಾವೇ ಹೆಸರು ನೋಂದಾಯಿಸಬಹುದು. ಇದರ ಶುಲ್ಕ 25 ಆಸ್ಟ್ರೇಲಿಯನ್ ಡಾಲರ್. ಹೆಸರು ಬಂದರೆ 28 ದಿನಗಳೊಳಗೆ ವೀಸಾ ಅರ್ಜಿ ಹಾಕಬೇಕು. ಅದಕ್ಕೆ ಬೇರೆ ಶುಲ್ಕವಿದೆ.

"ನನಗೆ ಒಳಗೆ ಜನ ಇದ್ದಾರೆ, ಎರಡು ಲಕ್ಷ ಕೊಡಿ, ಹೆಸರು ಬರ್ತದೆ" ಅಂತ ಯಾರಾದರೂ ಹೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ಯಂತ್ರ ಎತ್ತುವ ಚೀಟಿಗೆ ಯಾರೂ ಶಿಫಾರಸು ಮಾಡಲಾರರು. ಈ ವೀಸಾದ ಜೊತೆ 'ಗ್ಯಾರಂಟಿ ಕೆಲಸ' ಮಾರುವವರನ್ನೂ ನಂಬಬೇಡಿ.

ಖರ್ಚಿನ ಲೆಕ್ಕ

ಕೈಯಲ್ಲಿ ಸುಮಾರು 5,000 ಡಾಲರ್, ಅಂದರೆ ಹತ್ತಿರ ಹತ್ತಿರ 3 ಲಕ್ಷ ರೂಪಾಯಿ ಇದೆಯೆಂದು ತೋರಿಸಬೇಕು. ವಿಮಾನದ ಟಿಕೆಟಿನ ಹಣ ಬೇರೆ. ಅಲ್ಲಿನ ಸರಕಾರದ ಉಚಿತ ಚಿಕಿತ್ಸೆ ನಮ್ಮವರಿಗೆ ಸಿಗದು, ಹಾಗಾಗಿ ಆರೋಗ್ಯ ವಿಮೆಯೂ ಬೇಕು. ಕೆಲವರು ಬಡ್ಡಿಗೆ ಸಾಲ ತಂದು ಖಾತೆಯಲ್ಲಿ ತೋರಿಸಿ, ವೀಸಾ ಸಿಕ್ಕ ಕೂಡಲೇ ವಾಪಸು ಕೊಟ್ಟುಬಿಡುತ್ತಾರೆ. ಹಾಗೆ ಮಾಡಿದ ಹುಡುಗ ಖಾಲಿ ಕೈಯಲ್ಲಿ ವಿಮಾನ ಇಳಿಯುತ್ತಾನೆ. ಮೊದಲ ವಾರದಲ್ಲೇ ಸಿಕ್ಕಿದ ಯಾವ ಕೆಲಸಕ್ಕೂ, ಯಾವ ಕೂಲಿಗೂ ತಲೆಯಾಡಿಸಬೇಕಾಗುತ್ತದೆ. ಮೋಸ ಮಾಡುವವರು ಹುಡುಕುವುದು ಇಂಥವರನ್ನೇ. ಆ ಹಣ ತೋರಿಕೆಗಲ್ಲ, ಕೆಟ್ಟ ಕೆಲಸವನ್ನು "ಬೇಡ" ಎನ್ನುವ ಧೈರ್ಯಕ್ಕೆ.

ಅಲ್ಲಿ ಕೆಲಸ ಹೇಗಿರುತ್ತದೆ?

ಹೆಚ್ಚಾಗಿ ಹೋಟೆಲು, ತೋಟ, ಕಟ್ಟಡದ ಕೆಲಸ. ಎರಡನೇ ವರ್ಷದ ವೀಸಾ ಬೇಕಾದರೆ ಸರಕಾರ ಗೊತ್ತುಮಾಡಿದ ಪ್ರದೇಶಗಳಲ್ಲಿ, ಗೊತ್ತುಮಾಡಿದ ಕೆಲಸಗಳಲ್ಲಿ ಒಟ್ಟು 3 ತಿಂಗಳು, 88 ದಿನ, ದುಡಿದಿರಬೇಕು. ಹಾಗಾಗಿ ಬಹಳ ಯುವಜನರು ದೂರದ ಹಣ್ಣು-ತರಕಾರಿ ತೋಟಗಳಿಗೆ ಹೋಗುತ್ತಾರೆ. ಬಸ್ಸಿಲ್ಲ, ಪರಿಚಯದವರಿಲ್ಲ. ಕೆಲಸ ಕೊಡಿಸುವ ಮೇಸ್ತ್ರಿಯೇ ವಾಸದ ಕೋಣೆಯನ್ನೂ, ವ್ಯಾನನ್ನೂ ಕೊಟ್ಟು ಬಾಡಿಗೆ ಮುರಿದುಕೊಳ್ಳುವುದುಂಟು. 'ಇನ್ನು 20 ದಿನ ಬಾಕಿ' ಎಂಬ ಒಂದೇ ಕಾರಣಕ್ಕೆ ಎಷ್ಟೋ ಮಂದಿ ಅನ್ಯಾಯವನ್ನು ನುಂಗಿಕೊಂಡು ಇರುತ್ತಾರೆ.

ನಮ್ಮ ಕಾಫಿ ತೋಟಗಳಲ್ಲಿ ಕೆ.ಜಿ. ಲೆಕ್ಕದಲ್ಲಿ ಹಣ್ಣು ಕೊಯ್ದವರಿಗೆ ಒಂದು ಮಾತು ಗೊತ್ತು: ಗಿಡದಲ್ಲಿ ಹಣ್ಣು ಕಡಿಮೆಯಿದ್ದ ದಿನ ಬೆನ್ನು ಮುರಿದರೂ ಕೂಲಿ ಹುಟ್ಟದು. ಅಲ್ಲಿಯೂ ಬಕೆಟ್ಟಿನ ಲೆಕ್ಕ ಇದೆ. ಆದರೆ 2022ರ ಏಪ್ರಿಲ್ 28ರಿಂದ ಅಲ್ಲಿನ ನಿಯಮ ಬದಲಾಗಿದೆ. ಬಕೆಟ್ಟಿನ ಲೆಕ್ಕದಲ್ಲಿ ದುಡಿದರೂ ದುಡಿದ ಗಂಟೆಗಳಿಗೆ ಬರಬೇಕಾದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವಂತಿಲ್ಲ, ಧಣಿ ಗಂಟೆಗಳ ದಾಖಲೆ ಇಡಲೇಬೇಕು. 2025ರ ಜುಲೈಯಲ್ಲಿ ಅಲ್ಲಿನ ರಾಷ್ಟ್ರೀಯ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್ ಎಂದು ನಿಗದಿಯಾಯಿತು. ಖಾಯಂ ಅಲ್ಲದ ಕೆಲಸಕ್ಕೆ ಸಾಮಾನ್ಯವಾಗಿ ಇದರ ಮೇಲೆ ಶೇ. 25 ಹೆಚ್ಚು. ಪ್ರತಿ ವರ್ಷ ಇದು ಪರಿಷ್ಕರಣೆಯಾಗುತ್ತದೆ, ಹೋಗುವ ಮೊದಲು ಹೊಸ ದರ ನೋಡಿಕೊಳ್ಳಿ.

ವಾಸದ ಜಾಗವನ್ನೂ ಕಣ್ಣಿಟ್ಟು ನೋಡಬೇಕು. 2000ದ ಜೂನ್ 23ರಂದು ಕ್ವೀನ್ಸ್‌ಲ್ಯಾಂಡಿನ ಚಿಲ್ಡರ್ಸ್ ಎಂಬಲ್ಲಿ ಇಂಥ ಯುವ ಪ್ರಯಾಣಿಕರು ತಂಗಿದ್ದ ಹಾಸ್ಟೆಲಿಗೆ ಬೆಂಕಿ ಬಿದ್ದು 15 ಮಂದಿ ತೀರಿಹೋದರು. ಮಲಗುವ ಮೊದಲು ಹೊರಗೆ ಓಡುವ ಬಾಗಿಲು ಎಲ್ಲಿದೆ, ಅದು ತೆರೆಯುತ್ತದೆಯೇ ಎಂದು ನೋಡಿ.

ಕಾಗದವೇ ಸಾಕ್ಷಿ

ಕೈಗೆ ನಗದು ಕೊಟ್ಟು ಚೀಟಿ ಕೊಡದ ಕೆಲಸ ಸುಲಭವಾಗಿ ಸಿಗುತ್ತದೆ. ಆದರೆ ಕೂಲಿ ಬಾಕಿ ಉಳಿದರೆ ಕೇಳಲು ಆಧಾರವಿರುವುದಿಲ್ಲ. 88 ದಿನದ ಲೆಕ್ಕಕ್ಕೂ ಆ ದುಡಿಮೆ ಸಿಗದೆ ಹೋಗಬಹುದು. ಆದ್ದರಿಂದ:

1. ತೆರಿಗೆ ಸಂಖ್ಯೆಯನ್ನು ಅಲ್ಲಿನ ತೆರಿಗೆ ಇಲಾಖೆಯಿಂದ ಮಾಡಿಸಿಕೊಳ್ಳಿ. ಅದು ಉಚಿತ. ನೋಂದಾಯಿತ ಧಣಿಯಾದರೆ ವರ್ಷದ ಮೊದಲ 45,000 ಡಾಲರ್ ಸಂಪಾದನೆಗೆ ಶೇ. 15 ತೆರಿಗೆ ಮುರಿಯುತ್ತಾನೆ.
2. "ಎ.ಬಿ.ಎನ್. ಮಾಡಿಸಿಕೋ" ಎಂದರೆ ಎಚ್ಚರ. ಅದು ಸ್ವಂತ ವ್ಯಾಪಾರ ಮಾಡುವವರ ಸಂಖ್ಯೆ. ಕೂಲಿಯಾಳನ್ನು ವ್ಯಾಪಾರಿ ಎಂದು ತೋರಿಸಿ ಹೊಣೆ ತಪ್ಪಿಸಿಕೊಳ್ಳುವ ಉಪಾಯ ಇದು.
3. ಸಂಬಳ ಕೊಟ್ಟ ಮರುದಿನದ ಕೆಲಸದ ಅವಧಿಯೊಳಗೆ ಸಂಬಳದ ಚೀಟಿ ಕೊಡಬೇಕೆಂಬುದು ಕಾನೂನು. ಎಲ್ಲವನ್ನೂ ಜೋಪಾನ ಮಾಡಿ.
4. ದಿನಾ ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ, ಯಾರ ತೋಟ, ಎಷ್ಟು ಬಕೆಟ್ ಎಂದು ಪುಟ್ಟ ಪುಸ್ತಕದಲ್ಲಿ ಬರೆಯಿರಿ.
5. ಪಾಸ್‌ಪೋರ್ಟ್ ಯಾರ ಕೈಗೂ ಒಪ್ಪಿಸಬೇಡಿ. ಜೆರಾಕ್ಸ್ ಪ್ರತಿ ಮನೆಯಲ್ಲಿರಲಿ.

ಧಣಿ ಕಟ್ಟುವ ನಿವೃತ್ತಿ ನಿಧಿ ಇದೆ, ವಾಪಸಾದ ಮೇಲೆ ಕೇಳಬಹುದು. ಆದರೆ ಶೇ. 65 ತೆರಿಗೆಗೆ ಹೋಗುತ್ತದೆ. ಅದನ್ನು ನಂಬಿ ಸಾಲ ಮಾಡಬೇಡಿ.

ತೊಂದರೆ ಬಂದರೆ

ಕೂಲಿ ವಿಷಯಕ್ಕೆ ಅಲ್ಲಿನ ಸರಕಾರದ 'ಫೇರ್ ವರ್ಕ್ ಓಂಬುಡ್ಸ್‌ಮನ್' ಕಚೇರಿಯಿದೆ, ದೂರವಾಣಿ 13 13 94. ಇಂಗ್ಲಿಷಿನಲ್ಲಿ ಹೇಳಲು ಕಷ್ಟವಾದರೆ 13 14 50ಕ್ಕೆ ಫೋನ್ ಮಾಡಿ ದುಭಾಷಿಯನ್ನು ಕೇಳಬಹುದು. ಮೈಮೇಲೆ ಕೈಮಾಡಿದರೆ, ಲೈಂಗಿಕ ಕಿರುಕುಳವಾದರೆ 1800 737 732, ಪ್ರಾಣಾಪಾಯವಾದರೆ 000. ಹೆಣ್ಣುಮಕ್ಕಳೇ, ನಾಚಿಕೆಪಡಬೇಕಾದವರು ನೀವಲ್ಲ. ಕ್ಯಾನ್‌ಬೆರಾದಲ್ಲಿ ಭಾರತದ ಹೈಕಮಿಷನ್ ಇದೆ. ಸಿಡ್ನಿ, ಮೆಲ್ಬರ್ನ್, ಪರ್ತ್, ಬ್ರಿಸ್ಬೇನ್‌ಗಳಲ್ಲಿ ಕಾನ್ಸುಲೇಟ್‌ಗಳಿವೆ. ಊರಲ್ಲಿರುವ ಮನೆಯವರು ವಿದೇಶಾಂಗ ಇಲಾಖೆಯ 'ಮದದ್' ವೆಬ್‌ಸೈಟಿನಲ್ಲಿ ದೂರು ಕೊಡಬಹುದು.

"ದೂರು ಕೊಟ್ಟರೆ ನಿನ್ನ ವೀಸಾ ರದ್ದು ಮಾಡಿಸ್ತೇನೆ" ಎಂಬುದು ಹಳೆಯ ಬೆದರಿಕೆ. ವೀಸಾದ ಹೆಸರಿನಲ್ಲಿ ಹೀಗೆ ಒತ್ತಡ ಹಾಕುವುದು 2024ರ ಜುಲೈಯಿಂದ ಅಲ್ಲಿ ಅಪರಾಧ. ಶೋಷಣೆಯ ಬಗ್ಗೆ ದೂರು ಕೊಟ್ಟವರ ವೀಸಾಕ್ಕೆ ಕೆಲವು ಷರತ್ತುಗಳೊಡನೆ ರಕ್ಷಣೆಯೂ ಇದೆ.

ಮನೆಯವರಿಗೆ ಒಂದು ಮಾತು

ಮೊದಲ ತಿಂಗಳಿಂದಲೇ "ಹಣ ಯಾವಾಗ ಕಳಿಸ್ತಿ?" ಅಂತ ಕೇಳಬೇಡಿ. ಆ ಪ್ರಶ್ನೆಗೆ ಹೆದರಿ ಮಕ್ಕಳು ಕಷ್ಟ ಮುಚ್ಚಿಡುತ್ತಾರೆ. "ಊಟ ಆಯ್ತಾ, ಎಷ್ಟು ಗಂಟೆ ಕೆಲಸ, ಚೀಟಿ ಕೊಟ್ಟರಾ?" ಅಂತ ಕೇಳಿ. ಸರಿಹೋಗದಿದ್ದರೆ ಹಿಂದೆ ಬರಬಹುದು, ಮನೆಬಾಗಿಲು ತೆರೆದಿದೆ ಎಂದು ಹೊರಡುವ ಮೊದಲೇ ಹೇಳಿ ಕಳಿಸಿ. ಹಿಂದಿರುಗುವ ಟಿಕೆಟಿನ ಹಣವನ್ನು ಬೇರೆಯಾಗಿ ತೆಗೆದಿಡಿ, ಯಾವ ಕಾರಣಕ್ಕೂ ಮುಟ್ಟಬೇಡಿ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಊರಿನಿಂದ ಹೊರದೇಶಕ್ಕೆ ಹೋಗಿಬಂದವರು ಕೂಲಿ ಮತ್ತು ಕಾಗದಪತ್ರಗಳ ಬಗ್ಗೆ ಏನು ಹೇಳುತ್ತಾರೆ? ಒಬ್ಬರನ್ನು ಕರೆದು ಕೇಳಿ.
2. ಚಿನ್ನ ಅಡವಿಟ್ಟು ಕಳಿಸಿದರೆ, ಆರು ತಿಂಗಳು ಹಣ ಬಾರದಿದ್ದರೂ ಬಡ್ಡಿ ಕಟ್ಟಲು ನಮ್ಮಿಂದ ಸಾಧ್ಯವೇ? ಲೆಕ್ಕ ಬರೆದು ನೋಡಿ.
3. ನಮ್ಮ ಊರಿನ ಕೂಲಿಯವರಿಗೆ ನಾವು ಗಂಟೆಯ ಲೆಕ್ಕ, ಚೀಟಿ ಕೊಡುತ್ತೇವೆಯೇ?